ತಂಗಿಯ ಸಾವಿನಿಂದ ಹನ್ನೆರಡು ಹಾಸಿಗೆಗಳವರೆಗೆ: ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹಾದಿ

ತಗಡೂರು (ನಂಜನಗೂಡು ತಾ.): ಖಾದಿಯಿಂದಲೂ ಗಾಂಧಿವಾದಿ ತಗಡೂರು ರಾಮಚಂದ್ರರಾಯರಿಂದಲೂ ನಾಡಿಗೆ ಪರಿಚಿತವಾದ ಊರು ಇದು. ಇಂತಹ ಊರಿನ ಮನೆಯೊಂದರಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದರೆ, ರೋಗದ ಚಿಂತೆಯ ಬೆನ್ನಿಗೇ ದಾರಿಯ ಚಿಂತೆ ಶುರುವಾಗುತ್ತದೆ. ನಂಜನಗೂಡಿಗೆ ಬಸ್ಸು, ಅಲ್ಲಿಂದ ಮೈಸೂರು, ಅಲ್ಲಿಯೂ ಆಗದಿದ್ದರೆ ಬೆಂಗಳೂರು. ವಿಕಿರಣ ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷಗಳ ಕೆಲಸ. ಆದರೆ ಅದು ವಾರಕ್ಕೆ ಐದು ದಿನದಂತೆ ಹಲವು ಬಾರಿ ಐದಾರು ವಾರ ನಡೆಯುತ್ತದೆ. ಅಷ್ಟು ದಿನ ಎಲ್ಲಿ ಉಳಿಯುವುದು, ಏನು ಉಣ್ಣುವುದು, ಜೊತೆಗೆ ಯಾರು ಇರುವುದು, ಅವರ ಕೂಲಿ ಹೋದರೆ ಮನೆ ನಡೆಯುವುದು ಹೇಗೆ? ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಊರಿಗೆ ಮರಳುವವರಲ್ಲಿ ಅನೇಕರು ಸೋಲುವುದು ಈ ಪ್ರಶ್ನೆಗಳಿಗೆ.

ಔಷಧದ ಹೊರಗೆ ಉಳಿದುಬಿಡುವ ಈ ಪಾಡನ್ನು ಸುಮಾರು ನೂರು ವರ್ಷಗಳ ಹಿಂದೆ ತಮ್ಮ ಮನೆಯೊಳಗೇ ಕಂಡು, ಅದನ್ನು ಮರೆಯದೆ ಮೂರು ದಶಕ ಹೋರಾಡಿದ ವೈದ್ಯೆ ಡಾ. ಮುತ್ತುಲಕ್ಷ್ಮಿ ರೆಡ್ಡಿ. ದಕ್ಷಿಣ ಭಾರತದಲ್ಲಿ ಕ್ಯಾನ್ಸರ್‌ಗೆಂದೇ ಮೀಸಲಾದ ಮೊದಲ ಆಸ್ಪತ್ರೆ, ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಅವರ ಕನಸಿನ ಕೂಸು. ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ತಂದ ಶಾಸಕಿ ಎಂದು ಕನ್ನಡಿಗರು ಅವರನ್ನು ಹೆಚ್ಚು ಬಲ್ಲರು. ಆ ಕಥೆಯಲ್ಲಿ ನಂಜನಗೂಡಿನ ಹೆಸರೂ ಬರುತ್ತದೆ.

ಪರದೆಯ ಹಿಂದಿನ ವಿದ್ಯಾರ್ಥಿನಿ

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಆಗಿನ ಪುದುಕ್ಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದಿಂದ ಬಂದವರು. ಈ ಸಂಬಂಧಕ್ಕಾಗಿ ತಂದೆಯನ್ನು ಅವರ ಕುಟುಂಬ ದೂರವಿಟ್ಟಿತ್ತು. ಮಗಳ ಮೇಲೆ ಎರಡು ಕಡೆಯ ನೋಟವೂ ಇತ್ತು. ಒಂದೆಡೆ ಮೇಲುಜಾತಿಯವರ ತಿರಸ್ಕಾರ, ಇನ್ನೊಂದೆಡೆ ಹೆಣ್ಣುಮಗಳಿಗೆ ಇಷ್ಟು ಓದು ಏಕೆಂಬ ನೆರೆಹೊರೆಯವರ ಆಕ್ಷೇಪ.

ಹುಡುಗರ ಕಾಲೇಜಿಗೆ ಹುಡುಗಿಯೊಬ್ಬಳು ಸೇರುವುದನ್ನು ಊರಿನ ಪ್ರಮುಖರು ವಿರೋಧಿಸಿದಾಗ, ಸಂಸ್ಥಾನದ ದೊರೆ ಮಾರ್ತಾಂಡ ಭೈರವ ತೊಂಡೈಮಾನ್ ಆ ವಿರೋಧವನ್ನು ಬದಿಗಿರಿಸಿ ಪ್ರವೇಶ ಕೊಡಿಸಿದರು, ವಿದ್ಯಾರ್ಥಿವೇತನವನ್ನೂ ನೀಡಿದರು. ತರಗತಿಯಲ್ಲಿ ಆಕೆ ಪರದೆಯ ಮರೆಯಲ್ಲಿ ಕುಳಿತು ಪಾಠ ಕೇಳಬೇಕಿತ್ತು. 1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರು ಮೊದಮೊದಲು ಹೆಣ್ಣುಮಕ್ಕಳನ್ನು ತಮ್ಮ ತರಗತಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮುತ್ತುಲಕ್ಷ್ಮಿಯವರ ಅಂಕಗಳನ್ನು ಕಂಡ ಮೇಲೆ ಆ ನಿಲುವು ಸಡಿಲವಾಯಿತು. 1912ರಲ್ಲಿ ಪದಕಗಳೊಂದಿಗೆ ಪದವಿ ಪಡೆದ ಅವರು ಎಗ್ಮೋರ್‌ನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದ ಮೊದಲ ಮಹಿಳೆ.

1914ರಲ್ಲಿ ವೈದ್ಯರಾದ ಡಾ. ಸುಂದರ ರೆಡ್ಡಿಯವರನ್ನು ವಿವಾಹವಾದರು. ತಮ್ಮನ್ನು ಸಮಾನಳೆಂದು ಕಾಣಬೇಕು, ತಮ್ಮ ಇಚ್ಛೆಗೆ ಅಡ್ಡಿ ಬರಬಾರದು ಎಂಬ ಮಾತನ್ನು ಮದುವೆಗೆ ಮುನ್ನವೇ ಪಡೆದಿದ್ದರು. ಆ ಕಾಲಕ್ಕೆ ಇದು ಸಣ್ಣ ಷರತ್ತೇನೂ ಆಗಿರಲಿಲ್ಲ.

ಭೇದಿಯೆಂದು ತಿಳಿದ ಕಾಯಿಲೆ

1923. ಮುತ್ತುಲಕ್ಷ್ಮಿಯವರ ತಂಗಿ ಸುಂದರಾಂಬಾಳ್ ಹಾಸಿಗೆ ಹಿಡಿದರು. ಮೊದಲು ಅದನ್ನು ಆಮಶಂಕೆ, ರಕ್ತಭೇದಿ ಎಂದೇ ತಿಳಿಯಲಾಗಿತ್ತು. ನಿಜವಾಗಿ ಅದು ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅಕ್ಕ ವೈದ್ಯೆ, ಭಾವ ವೈದ್ಯ, ವಾಸ ಮದ್ರಾಸಿನಂತಹ ಮಹಾನಗರದಲ್ಲಿ. ಇಷ್ಟಿದ್ದೂ ರೋಗ ಕೈಮೀರಿತು. ಅಕ್ಕನ ಆರೈಕೆಯಲ್ಲಿಯೇ ನೋವು ತಿನ್ನುತ್ತಾ ತಂಗಿ ತೀರಿಕೊಂಡರು.

ಈ ಘಟನೆಯಲ್ಲಿ ಇಂದಿನ ಓದುಗ ಗಮನಿಸಬೇಕಾದ ಸಂಗತಿಯೊಂದಿದೆ. ಗುದನಾಳದ ಕ್ಯಾನ್ಸರ್ ಈಗಲೂ ಮೂಲವ್ಯಾಧಿಯೆಂದೋ ಭೇದಿಯೆಂದೋ ತಿಂಗಳುಗಟ್ಟಲೆ ಮರೆಯಾಗಿರುವುದುಂಟು. ನಾಚಿಕೆಯಿಂದ ಹೇಳಿಕೊಳ್ಳದವರಿದ್ದಾರೆ, ನಾಟಿ ಮದ್ದಿನಲ್ಲಿ ಕಾಲ ಕಳೆಯುವವರಿದ್ದಾರೆ. ಬಾಯಿಯ ಕ್ಯಾನ್ಸರಿನದೂ ಇದೇ ಕಥೆ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ರೂಢಿಯಿರುವ ನಮ್ಮ ಹಳ್ಳಿಗಳಲ್ಲಿ, ಕೆನ್ನೆಯೊಳಗಿನ ವಾಸಿಯಾಗದ ಹುಣ್ಣನ್ನು ಹಲ್ಲು ತಾಗಿದ ಗಾಯವೆಂದು ಸುಮ್ಮನಿರುವುದು ಅಪರೂಪವಲ್ಲ.

ಕ್ಯಾನ್ಸರ್ ಇರುವ ಮನೆಯಲ್ಲಿ ಏನೇನು ಬೇಕಾಗುತ್ತದೆ ಎಂಬುದನ್ನು ರೋಗಿಯ ಪಕ್ಕದಲ್ಲಿ ಕುಳಿತವರೇ ಬಲ್ಲರು. ನೋವಿಗೆ ಹೊತ್ತುಹೊತ್ತಿಗೆ ಮದ್ದು ಬೇಕು. ನೋವು ಏರಿದ ಮೇಲೆ ಕೊಡುವುದಕ್ಕಿಂತ ಏರುವ ಮುನ್ನವೇ ಕೊಡುವುದು ಮೇಲೆಂದು ವೈದ್ಯಶಾಸ್ತ್ರ ನಂತರದ ದಶಕಗಳಲ್ಲಿ ಕಂಡುಕೊಂಡಿತು. ಗುದನಾಳದ ಶಸ್ತ್ರಚಿಕಿತ್ಸೆಯಾದವರಲ್ಲಿ ಕೆಲವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸಬೇಕಾಗುತ್ತದೆ. ಅದನ್ನು ಬದಲಿಸುವುದು, ಸುತ್ತಲಿನ ಚರ್ಮ ಕೆಡದಂತೆ ಕಾಯುವುದನ್ನು ಮನೆಯವರಿಗೆ ಕಲಿಸಿಕೊಡುವವರು ಬೇಕು. ವಿಕಿರಣದಿಂದ ಬಾಯಿ ಹುಣ್ಣಾದವರಿಗೆ ಖಾರದ ಸಾರು ಇಳಿಯದು. ತಣ್ಣಗಿನ ರಾಗಿ ಗಂಜಿ, ಮೊಸರನ್ನದಂತಹ ಮೆತ್ತನೆಯ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಸ್ತನದ ಶಸ್ತ್ರಚಿಕಿತ್ಸೆಯಾದ ಹೆಣ್ಣುಮಕ್ಕಳ ತೋಳು ಬಾತುಕೊಳ್ಳದಂತೆ ವ್ಯಾಯಾಮ ಹೇಳಿಕೊಡಬೇಕು. ಇವೆಲ್ಲಕ್ಕಿಂತ ಮೊದಲು, ಈ ರೋಗ ಮುಟ್ಟಿದರೆ ಅಂಟುವುದಿಲ್ಲವೆಂದು ನೆರೆಯವರಿಗೆ ತಿಳಿಹೇಳಬೇಕು. ತಟ್ಟೆ ಲೋಟ ಬೇರೆ ಇಟ್ಟ ಮನೆಗಳಲ್ಲಿ ರೋಗಿ ಅರ್ಧ ಸತ್ತಂತೆಯೇ.

ಯೋಗ, ಪ್ರಾಣಾಯಾಮ, ಅಂಗಮರ್ದನ, ಆಪ್ತ ಸಮಾಲೋಚನೆ ಇತ್ಯಾದಿಗಳು ಈ ಆರೈಕೆಯ ಭಾಗವಾಗಿ ರೋಗಿಗೆ ನೆಮ್ಮದಿ ತರಬಲ್ಲವು. ಗಡ್ಡೆಯನ್ನು ಕರಗಿಸುವ ಶಕ್ತಿ ಅವುಗಳಿಗಿಲ್ಲ. ಈ ಎರಡನ್ನೂ ಬೆರೆಸಿ ಮಾತನಾಡುವವರಿಂದ ಚಿಕಿತ್ಸೆ ತಡವಾದ ಉದಾಹರಣೆಗಳು ಬೇಕಾದಷ್ಟಿವೆ.

1923ರ ಮದ್ರಾಸಿನಲ್ಲಿ ಇಂತಹ ಯಾವ ಏರ್ಪಾಡೂ ಇರಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಲು ಇನ್ನೂ ಹದಿನೆಂಟು ವರ್ಷಗಳಿದ್ದವು. ಮದ್ರಾಸಿನ ಜನರಲ್ ಆಸ್ಪತ್ರೆಯ ಬರ್ನಾರ್ಡ್ ವಿಕಿರಣಶಾಸ್ತ್ರ ಸಂಸ್ಥೆ ಆರಂಭವಾದದ್ದು 1934ರಲ್ಲಿ. ಕ್ಯಾನ್ಸರ್ ರೋಗಿಗಳಿಗೇ ಒಂದು ಆಸ್ಪತ್ರೆ ಕಟ್ಟಬೇಕೆಂಬ ಹಂಬಲ ಮುತ್ತುಲಕ್ಷ್ಮಿಯವರಲ್ಲಿ ಬೇರೂರಿದ್ದು ತಂಗಿಯ ಸಾವಿನ ನಂತರ.

ಶಾಸನ ಸಭೆಯಲ್ಲಿ, ನಂಜನಗೂಡಿನ ನೆರಳಿನಲ್ಲಿ

1925ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ತೆರಳಿದ ಅವರು ಚೆಲ್ಸಿಯ ಮಹಿಳಾ ಆಸ್ಪತ್ರೆಯಲ್ಲಿ ಹೆಚ್ಚಿನ ತರಬೇತಿ ಪಡೆದರು. ಹಿಂದಿರುಗಿದ ಮೇಲೆ ಮದ್ರಾಸ್ ಶಾಸನ ಪರಿಷತ್ತಿಗೆ ನಾಮಕರಣಗೊಂಡರು. ಬ್ರಿಟಿಷ್ ಭಾರತದ ಮೊದಲ ಶಾಸಕಿಯೆಂಬ ಗೌರವ ಅವರದಾಯಿತು. 1927ರಲ್ಲಿ ಸದಸ್ಯರು ಅವರನ್ನು ಪರಿಷತ್ತಿನ ಉಪಾಧ್ಯಕ್ಷೆಯಾಗಿ ಅವಿರೋಧವಾಗಿ ಆರಿಸಿದರು. ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ, ಹೆಣ್ಣುಮಕ್ಕಳ ಮದುವೆಯ ವಯಸ್ಸು, ಬಡ ತಾಯಂದಿರ ಆರೋಗ್ಯ ಅವರು ಎತ್ತಿದ ವಿಷಯಗಳು.

ದೇವದಾಸಿ ಪದ್ಧತಿಯ ನಿಷೇಧಕ್ಕೆ ಅವರು ಮುಂದಿಟ್ಟ ನಿದರ್ಶನಗಳಲ್ಲಿ ಮೈಸೂರು ಸಂಸ್ಥಾನದ್ದೂ ಒಂದು. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಆ ಆದೇಶಕ್ಕೆ ಎಡೆಮಾಡಿದ್ದು ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸೇವೆಯ ಪ್ರಕರಣ. ತಮ್ಮ ಸೇವೆಯನ್ನು ಉಳಿಸಿಕೊಡಿ ಎಂದು ಅಲ್ಲಿನ ದೇವದಾಸಿಯರು ಸರ್ಕಾರಕ್ಕೆ ಬೇಡಿಕೊಂಡಿದ್ದರು, ಫಲ ಸಿಗಲಿಲ್ಲ.

ಕಾಕತಾಳೀಯವೆಂಬಂತೆ, ಮದ್ರಾಸಿನಲ್ಲಿ ಮುತ್ತುಲಕ್ಷ್ಮಿಯವರ ಪ್ರಯತ್ನವನ್ನು ವಿರೋಧಿಸಿದ ದೇವದಾಸಿಯರ ಮುಂಚೂಣಿಯಲ್ಲಿದ್ದವರೂ ನಂಜನಗೂಡಿನ ಮಗಳೇ: 1878ರಲ್ಲಿ ಅಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಸಂಗೀತ, ಸಾಹಿತ್ಯ, ಆಸ್ತಿಯ ಹಕ್ಕು ಇವೆಲ್ಲ ತಮ್ಮ ಸಮುದಾಯದ ಹೆಣ್ಣುಮಕ್ಕಳಿಗೆ ಇದ್ದವೆಂದೂ, ಕಾನೂನು ಅವರನ್ನು ವೇಶ್ಯೆಯರ ಸಾಲಿಗೆ ತಳ್ಳುತ್ತದೆಂದೂ ಅವರು ವಾದಿಸಿದರು. ದೇವದಾಸಿಯ ಮೊಮ್ಮಗಳಾದ ಮುತ್ತುಲಕ್ಷ್ಮಿ ತಾಯಿಯ ಕಡೆಯ ನೋವನ್ನು ಬಲ್ಲವರಾಗಿದ್ದರು. ನಾಗರತ್ನಮ್ಮನವರು ಅದೇ ಬಾಳಿನ ಕಲೆಯನ್ನೂ ಸ್ವಾತಂತ್ರ್ಯವನ್ನೂ ಬಲ್ಲವರು. ಇಂದಿನ ಇತಿಹಾಸಕಾರರು ನಾಗರತ್ನಮ್ಮನವರ ಮಾತಿಗೂ ಬೆಲೆ ಕೊಡುತ್ತಾರೆ. ಮುತ್ತುಲಕ್ಷ್ಮಿಯವರು ಆಗ ಆ ಮಾತಿಗೆ ಕಿವಿಗೊಡಲಿಲ್ಲ ಎಂಬುದನ್ನು ಅವರ ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

1929ರಲ್ಲಿ ದೇವದಾಸಿಯರ ಇನಾಮು ಭೂಮಿಯನ್ನು ದೇವಾಲಯದ ಸೇವೆಯ ಕಟ್ಟಿನಿಂದ ಬಿಡಿಸುವ ತಿದ್ದುಪಡಿ ಜಾರಿಗೆ ಬಂತು. ಸಮರ್ಪಣೆಯನ್ನು ಪೂರ್ತಿಯಾಗಿ ನಿಷೇಧಿಸುವ ಕಾಯಿದೆ ಬಂದದ್ದು 1947ರಲ್ಲಿ. ಅಷ್ಟರಲ್ಲಿ ಅವರು ಶಾಸನ ಸಭೆಯನ್ನು ಬಿಟ್ಟು ವರ್ಷಗಳಾಗಿದ್ದವು. 1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟಿದ್ದರು.

ಅದೇ ವರ್ಷ ದೇವದಾಸಿ ಮನೆಗಳನ್ನು ತೊರೆದು ಬಂದ ಮೂವರು ಹುಡುಗಿಯರು ಅವರ ಬಾಗಿಲು ತಟ್ಟಿದರು. ಯಾವ ವಿದ್ಯಾರ್ಥಿನಿಲಯವೂ ಅವರನ್ನು ಸೇರಿಸಿಕೊಳ್ಳದಿದ್ದಾಗ, ಮುತ್ತುಲಕ್ಷ್ಮಿಯವರು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವ್ವೈ ಇಲ್ಲಂ ಎಂಬ ಆಶ್ರಯಧಾಮ ಹುಟ್ಟಿದ್ದು ಹೀಗೆ. ಕಾಯಿದೆ ಮಾಡಿ ಸುಮ್ಮನಾಗದೆ, ಕಾಯಿದೆಯಿಂದ ಹೊರಬಿದ್ದವರಿಗೆ ಸೂರನ್ನೂ ಒದಗಿಸಿದ ಗುಣವೇ ಮುಂದೆ ಆಸ್ಪತ್ರೆಯ ಕೆಲಸದಲ್ಲಿ ಕಂಡುಬಂತು.

ಸಾಯುವವರಿಗೆ ಆಸ್ಪತ್ರೆ ಏಕೆ?

1935ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಶತಮಾನೋತ್ಸವ ನಡೆಯಿತು. ಆ ಸಂದರ್ಭದಲ್ಲಿ ಮುತ್ತುಲಕ್ಷ್ಮಿಯವರು ಕ್ಯಾನ್ಸರ್ ಆಸ್ಪತ್ರೆಯ ಪ್ರಸ್ತಾಪವನ್ನು ಬಹಿರಂಗವಾಗಿ ಮುಂದಿಟ್ಟರು. ಸ್ಪಂದನೆ ತಣ್ಣಗಿತ್ತು. ಮುಂದೆ ಅಧಿಕಾರದಲ್ಲಿದ್ದವರನ್ನು ಕೇಳಿದಾಗಲೂ, ಕ್ಯಾನ್ಸರ್ ಬಂದವರು ಹೇಗೂ ಸಾಯುತ್ತಾರೆ, ಅದಕ್ಕೊಂದು ಆಸ್ಪತ್ರೆ ಏಕೆಂಬ ಅರ್ಥದ ಉತ್ತರ ಬಂತು. ಆ ಮಾತಿನಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ಅಂದಿನ ಸಾಮಾನ್ಯ ತಿಳಿವಳಿಕೆ ಇತ್ತೆನ್ನಬೇಕು. ಬೇಗ ಪತ್ತೆಯಾದರೆ ಗುಣವಾಗುವ ಕ್ಯಾನ್ಸರುಗಳಿವೆಯೆಂಬುದು ವೈದ್ಯರಲ್ಲೇ ಎಲ್ಲರಿಗೂ ಮನವರಿಕೆಯಾಗಿರಲಿಲ್ಲ. ಗುಣವಾಗದಿದ್ದರೂ ರೋಗಿಗೆ ಮಾಡಬಹುದಾದದ್ದು ಸಾಕಷ್ಟಿದೆಯೆಂಬ ಯೋಚನೆ ಇನ್ನೂ ದೂರವಿತ್ತು.

ಸರ್ಕಾರ ಕೈಬಿಟ್ಟಾಗ ಅವರು ಹೆಣ್ಣುಮಕ್ಕಳ ಸಂಘಟನೆಯತ್ತ ತಿರುಗಿದರು. ಭಾರತೀಯ ಮಹಿಳಾ ಸಂಘದ ಆಶ್ರಯದಲ್ಲಿ 1949ರಲ್ಲಿ ಕ್ಯಾನ್ಸರ್ ಪರಿಹಾರ ನಿಧಿ ಸ್ಥಾಪನೆಯಾಯಿತು. ಅಲ್ಲಲ್ಲಿ ಬೇಡಿ, ಸಣ್ಣಪುಟ್ಟ ದೇಣಿಗೆಗಳನ್ನು ಕೂಡಿಸಿ ಹಣ ಒಟ್ಟುಮಾಡಲಾಯಿತು. ಅಷ್ಟು ಹೊತ್ತಿಗೆ ಅವರ ವಯಸ್ಸು ಅರವತ್ತು ದಾಟಿತ್ತು. ಮಗ ಡಾ. ಕೃಷ್ಣಮೂರ್ತಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ತರಬೇತಿ ಪಡೆದು ಬಂದು ತಾಯಿಯ ಜೊತೆ ನಿಂತರು.

1952ರ ಅಕ್ಟೋಬರ್ 10ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅಡ್ಯಾರಿನಲ್ಲಿ ಶಂಕುಸ್ಥಾಪನೆ ಮಾಡಿದರು. 1954ರ ಜೂನ್ 18ರಂದು ಆಸ್ಪತ್ರೆ ತೆರೆಯಿತು. ಹಾಸಿಗೆಗಳು ಹನ್ನೆರಡು. ತಂಗಿ ತೀರಿಕೊಂಡು ಮೂವತ್ತೊಂದು ವರ್ಷಗಳಾಗಿದ್ದವು.

1955ರಲ್ಲಿ ಡಾ. ವಿ. ಶಾಂತಾ ಎಂಬ ಯುವ ವೈದ್ಯೆ ಸೇರಿಕೊಂಡರು. ಸರ್ಕಾರಿ ಆಸ್ಪತ್ರೆಯ ಭದ್ರ ಕೆಲಸವನ್ನು ಬಿಟ್ಟು ಸಂಬಳವಿಲ್ಲದ ಸೇವೆಗೆ ಬಂದದ್ದಕ್ಕೆ ಅನೇಕರು ಹುಬ್ಬೇರಿಸಿದರು. ಮೊದಲ ಮೂರು ವರ್ಷ ಅವರು ಗೌರವ ವೈದ್ಯೆಯಾಗಿಯೇ ದುಡಿದರು. ಅದೇ ದಶಕದಲ್ಲಿ ಕೋಬಾಲ್ಟ್ ವಿಕಿರಣ ಯಂತ್ರ ಬಂತು. ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಾರ್ಡು 1960ರಲ್ಲಿ ತೆರೆಯಿತು. ಹಣವಿಲ್ಲವೆಂದು ಯಾರನ್ನೂ ಹಿಂದೆ ಕಳುಹಿಸಬಾರದೆಂಬ ನಿಯಮದಂತೆ, ಬಹುಪಾಲು ರೋಗಿಗಳಿಗೆ ಉಚಿತವಾಗಿಯೋ ರಿಯಾಯಿತಿ ದರದಲ್ಲಿಯೋ ಚಿಕಿತ್ಸೆ ನೀಡುವುದು ಅಲ್ಲಿನ ಪದ್ಧತಿಯಾಯಿತು. ಮನಸ್ಸಿನ ಆರೈಕೆಗೆಂದೇ ಒಂದು ವಿಭಾಗವೂ ಅಲ್ಲಿ ಮುಂದೆ ಬೆಳೆಯಿತು.

ಕಾವೇರಿಯ ಈಚೆಗೆ

ಕನ್ನಡನಾಡಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದು 1973ರಲ್ಲಿ. 1980ರಲ್ಲಿ ಅದಕ್ಕೆ ಸ್ವಾಯತ್ತತೆ ಸಿಕ್ಕಿತು. ದೂರದೂರುಗಳ ರೋಗಿಗಳು, ಜೊತೆಗೆ ಬಂದವರು ತಂಗಲು ಧರ್ಮಶಾಲೆಯನ್ನು ಅಲ್ಲಿ ಕಟ್ಟಿದ್ದು ಇನ್ಫೋಸಿಸ್ ಪ್ರತಿಷ್ಠಾನ. ಗುಣಪಡಿಸಲಾಗದ ಹಂತದ ಕ್ಯಾನ್ಸರ್ ರೋಗಿಗಳಿಗಾಗಿ ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಟ್ರಸ್ಟ್ ಆಗಿ ರೂಪುಗೊಂಡು, 1999ರಿಂದ ತನ್ನ ಕಟ್ಟಡದಲ್ಲಿ ಉಚಿತ ಆರೈಕೆ ನೀಡುತ್ತಾ ಬಂದಿದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಉಪಶಮನ ಆರೈಕೆಯನ್ನು ರೋಗಿಯ ಮನೆಯವರೆಗೆ ಒಯ್ಯುವ ಕೆಲಸ ಮಾಡಿದೆ.

ಆದರೂ ನಗರಕ್ಕೂ ಹಳ್ಳಿಗೂ ನಡುವಣ ಅಂತರ ದೊಡ್ಡದು. ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯ ಉದಾಹರಣೆಯನ್ನೇ ನೋಡಬಹುದು. ದುಬಾರಿಯಲ್ಲದ ಈ ಔಷಧ 1985ರ ಮಾದಕ ದ್ರವ್ಯ ಕಾಯಿದೆಯ ಬಿಗಿಯಿಂದಾಗಿ ಆಸ್ಪತ್ರೆಗಳಿಗೇ ದುರ್ಲಭವಾಗಿತ್ತು. 2014ರ ತಿದ್ದುಪಡಿ ಪರವಾನಗಿಯ ಜಂಜಡವನ್ನು ಕಡಿಮೆ ಮಾಡಿತು. ಆದರೆ ಔಷಧ ಬರೆದುಕೊಡಲು ತರಬೇತಿ ಪಡೆದ ವೈದ್ಯರೂ ಅದನ್ನು ಇಟ್ಟುಕೊಳ್ಳುವ ಆಸ್ಪತ್ರೆಯೂ ಹತ್ತಿರವಿಲ್ಲದಿದ್ದರೆ ತಿದ್ದುಪಡಿಯ ಫಲ ಹಳ್ಳಿಯ ರೋಗಿಗೆ ತಲುಪದು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೊಬ್ಬರಿಗೂ ರೈಲಿನಲ್ಲಿ ರಿಯಾಯಿತಿಯಿದೆ ಎಂಬುದನ್ನು ತಿಳಿಯದೆ ಪೂರ್ತಿ ಹಣ ತೆರುವವರು ಈಗಲೂ ಇದ್ದಾರೆ. ಇಂತಹ ಸಣ್ಣ ಮಾಹಿತಿಯನ್ನು ಹೇಳಿಕೊಡುವ ಒಬ್ಬ ಆಶಾ ಕಾರ್ಯಕರ್ತೆಯೋ ಶಾಲಾ ಮೇಷ್ಟರೋ ಊರಿನಲ್ಲಿದ್ದರೆ ಚಿಕಿತ್ಸೆ ಮುಂದುವರಿಯುವ ಸಾಧ್ಯತೆ ಹೆಚ್ಚುತ್ತದೆ.

ಕೊನೆಯ ವರ್ಷಗಳು

ಮುತ್ತುಲಕ್ಷ್ಮಿಯವರಿಗೆ 1956ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಇಳಿವಯಸ್ಸಿನಲ್ಲಿಯೂ ಅವ್ವೈ ಇಲ್ಲಂ ಮತ್ತು ಆಸ್ಪತ್ರೆ ಎರಡರ ಚಿಂತೆಯನ್ನೂ ಬಿಡಲಿಲ್ಲ. 1968ರ ಜುಲೈ 22ರಂದು, ಎಂಬತ್ತೆರಡು ತುಂಬಲು ಎಂಟು ದಿನಗಳಿರುವಾಗ, ಮದ್ರಾಸಿನಲ್ಲಿ ನಿಧನರಾದರು. ಬಡ ಗರ್ಭಿಣಿಯರಿಗೆ ನೆರವು ನೀಡುವ ತಮಿಳುನಾಡು ಸರ್ಕಾರದ ಯೋಜನೆಗೆ ಅವರ ಹೆಸರಿದೆ.

ಸಂಸ್ಥೆಯನ್ನು ಮಗ ಕೃಷ್ಣಮೂರ್ತಿ ಮತ್ತು ಡಾ. ಶಾಂತಾ ಮುನ್ನಡೆಸಿದರು. 2005ರಲ್ಲಿ ಮ್ಯಾಗ್ಸೆಸೆ, 2016ರಲ್ಲಿ ಪದ್ಮವಿಭೂಷಣ ಪಡೆದ ಶಾಂತಾ ಅವರು 2021ರ ಜನವರಿ 19ರಂದು ತೀರಿಕೊಳ್ಳುವವರೆಗೂ ಆಸ್ಪತ್ರೆಯ ಆವರಣದಲ್ಲಿಯೇ, ರೋಗಿಗಳ ನಡುವೆ ವಾಸವಾಗಿದ್ದರು.